ಅಕ್ಕಪಕ್ಕದ ಮೂರು ಲೂಥರನ್ ಸಭೆಗಳ ಜಂಟಿ ವ್ಯವಸ್ಥೆ: ಎರಡು ವರ್ಷ ಆದ್ಮೇಲೆ 5ಕ್ಕೆ 4

ಚರ್ಚಿಗೂ ರಿವ್ಯೂ ಬರೀತಾರಾ ಅಂತ ನಗ್ಬೇಡಿ. ಪಾಸ್ಟರ್ ಪ್ರಸಂಗಕ್ಕೆ ಮಾರ್ಕ್ಸ್ ಕೊಡೋಕೆ ಕೂತಿಲ್ಲ ನಾನು, ಆ ಧೈರ್ಯನೂ ಇಲ್ಲ. ನಮ್ಮ ಸಭೆ (ಅಂದ್ರೆ ಒಂದು ಚರ್ಚಿಗೆ ಸೇರಿದ ಜನ), ಎದುರಿನ ಸಭೆ, ಸ್ವಲ್ಪ ಮುಂದೆ ಇರೋ ಇನ್ನೊಂದು ಚಿಕ್ಕ ಸಭೆ, ಮೂರೂ ಲೂಥರನ್ನೇ, ಅಂದ್ರೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ದಾರಿ ಹಿಡಿದ ಪ್ರೊಟೆಸ್ಟಂಟರು, ಈ ಮೂರು ಸೇರ್ಕೊಂಡು ನಡೆಸ್ತಿರೋ ವ್ಯವಸ್ಥೆ ಬಗ್ಗೆ ಬರೀತಿದೀನಿ. ಮೂರು ಸಭೆಗೆ ಇಬ್ರು ಪಾಸ್ಟರ್, ಒಂದೇ ಕನ್ಫರ್ಮೇಶನ್ ಕ್ಲಾಸು (ಹರೆಯದ ಮಕ್ಕಳಿಗೆ ನಂಬಿಕೆಯ ಪಾಠ), ಒಂದೇ ಆಫೀಸು, ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಬುಧವಾರದ ಆರಾಧನೆ ಸರದಿ ಮೇಲೆ. ಮರ್ಜ್ ಆಗಿಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಎಲ್ರೂ ಕೇಳೋದು ಅದನ್ನೇ. ಮೂರು ಕಟ್ಟಡ, ಮೂರು ಕಮಿಟಿ, ಮೂರು ಲೆಕ್ಕದ ಪುಸ್ತಕ ಹಾಗೇ ಇವೆ.

ಮುಂಚೆ ಹೇಗಿತ್ತು ಅಂದ್ರೆ, ಮೂರು ಕಡೆನೂ ಓದೋದು ಅದೇ ಸತ್ಯವೇದ, ಮಕ್ಕಳಿಗೆ ಬಾಯಿಪಾಠ ಮಾಡ್ಸೋದು ಅದೇ ಲೂಥರ್ 1529ರಲ್ಲಿ ಬರೆದ ಸ್ಮಾಲ್ ಕ್ಯಾಟೆಕಿಸಂ ಅನ್ನೋ ಚಿಕ್ಕ ಪ್ರಶ್ನೋತ್ತರ ಪುಸ್ತಕ, ಆದ್ರೂ ಒಬ್ರ ಮುಖ ಒಬ್ರು ನೋಡ್ತಿರ್ಲಿಲ್ಲ. ಅವರು ಕ್ವಾಯರ್‌ಗೆ ಹೊಸ ನಿಲುವಂಗಿ ಹೊಲಿಸಿದ್ರೆ ಆ ತಿಂಗಳು ನಮ್ಮ ಕಮಿಟಿಯಲ್ಲಿ ಅದೇ ಮಾತು. ಈಸ್ಟರ್ ದಿನ ನಮ್ಮ ಹಿರಿಯರೊಬ್ರು ಆರಾಧನೆ ಮುಗಿದ ಕೂಡ್ಲೇ ಮೆಟ್ಟಿಲ ಮೇಲೆ ನಿಂತ್ಕೊಂಡು ಎದುರಿನವರ ಪಾರ್ಕಿಂಗಲ್ಲಿ ಕಾರು ಎಣಿಸ್ತಿದ್ರು, ಸುಳ್ಳಲ್ಲ, ಬೆರಳು ಮಡಚಿ ಮಡಚಿ. ಒಂದು ಕುಟುಂಬ ಅಲ್ಲಿಂದ ಇಲ್ಲಿಗೆ ಬಂದ್ರೆ ನಮಗೆ ಹಬ್ಬ, ಇಲ್ಲಿಂದ ಅಲ್ಲಿಗೆ ಹೋದ್ರೆ ಯಾರೋ ಮನೆಬಿಟ್ಟು ಓಡಿಹೋದಷ್ಟು ಗುಸುಗುಸು. ಒಟ್ಟು ಲೆಕ್ಕ ಹಾಕಿದ್ರೆ ಒಂದು ತಲೆನೂ ಜಾಸ್ತಿ ಆಗಿರ್ತಿರ್ಲಿಲ್ಲ, ಈ ಬಿಂದಿಗೆ ನೀರು ಆ ಬಿಂದಿಗೆಗೆ ಸುರಿದಂಗೆ.

ಒಂದೇ ಪಂಗಡದ ಚರ್ಚುಗಳು ಇಷ್ಟು ಹತ್ರ ಹತ್ರ ಯಾಕಿರ್ತವೆ ಅಂತ ಕೆಲವರು ಕೇಳ್ತಾರೆ. ಅಮೆರಿಕದಲ್ಲಂತೂ ಇದು ತುಂಬಾ ಕಾಣುತ್ತೆ, ಜರ್ಮನ್ನರು, ಸ್ವೀಡನ್‌ನವರು, ನಾರ್ವೆಯವರು ವಲಸೆ ಬಂದಾಗ ಅವರವರ ಭಾಷೆಗೆ ಒಂದೊಂದು ಚರ್ಚ್ ಕಟ್ಕೊಂಡ್ರು, ಭಾಷೆ ಹೋಯ್ತು, ಕಟ್ಟಡ ಉಳೀತು. 1988ರಲ್ಲಿ ಅಲ್ಲಿ ಮೂರು ಲೂಥರನ್ ಸಂಸ್ಥೆ ಸೇರಿ ಒಂದಾದಾಗ ಮೇಲೆ ಬೋರ್ಡು ಒಂದಾಯ್ತು, ಕೆಳಗೆ ಬೀದಿಯಲ್ಲಿ ಎರಡೆರಡು ಸಭೆ ಹಾಗೇ ಎದುರುಬದುರು ಕೂತ್ಕೊಂಡ್ವು.

ಈಗ ಸರ್ವಿಸ್‌ಗೆ ಬರೋಣ. ಬೆಸ್ಟ್ ಅಂದ್ರೆ ಕನ್ಫರ್ಮೇಶನ್ ಕ್ಲಾಸು, ಅದಕ್ಕೆ ಎರಡು ಮಾತಿಲ್ಲ. ಮುಂಚೆ ನಮ್ಮಲ್ಲಿ ಇಬ್ರು ಮಕ್ಕಳು, ಎದುರುಗಡೆ ಐದು, ಚಿಕ್ಕ ಸಭೆಯಲ್ಲಿ ಒಬ್ಬನೇ ಹುಡುಗ. ಒಬ್ಬ ಹುಡುಗ, ಎದುರಿಗೆ ಪಾಸ್ಟರ್, ಮಧ್ಯೆ ಟೇಬಲ್, ಅದು ಕ್ಲಾಸಲ್ಲ ವಿಚಾರಣೆ. ಈಗ ಎಂಟು ಜನ ಒಟ್ಟಿಗೆ, ಗಲಾಟೆ ಇರುತ್ತೆ, ಗಲಾಟೆ ಇದ್ರೇನೇ ಆ ವಯಸ್ಸಿನವರು ಬರೋದು. ಒಂದಿನ ಮಗಳನ್ನ ಕರ್ಕೊಂಡು ಬರೋಕೆ ಬೇಗ ಹೋಗಿ ಹಿಂದಿನ ಬೆಂಚಲ್ಲಿ ಕೂತಿದ್ದೆ. ಬೈಬಲಿನ ಹತ್ತು ಆಜ್ಞೆಗಳಲ್ಲಿ ಹತ್ತನೇದು ನಡೀತಿತ್ತು. ಪ್ರತಿ ಆಜ್ಞೆ ಆದ್ಮೇಲೆ ಕ್ಯಾಟೆಕಿಸಂನಲ್ಲಿ 'ಇದರ ಅರ್ಥವೇನು?' ಅಂತ ಬರುತ್ತಲ್ಲ, ಹತ್ತನೇದಕ್ಕೆ ಲೂಥರ್ ಕೊಡೋ ಅರ್ಥ ಏನಂದ್ರೆ ನೆರೆಯವನ ಹೆಂಡ್ತಿ, ಆಳು, ದನಕರು ಯಾವುದನ್ನೂ ಪುಸಲಾಯಿಸಿ ಎಳ್ಕೊಂಡು ಬರಬಾರದು, ಬದ್ಲಿಗೆ ಅಲ್ಲೇ ಇದ್ದು ನಿಮ್ಮ ಕೆಲಸ ಮಾಡಿ ಅಂತ ಅವರಿಗೆ ಹೇಳ್ಬೇಕು. ಎದುರಿನ ಸಭೆ ಹುಡುಗಿ ಕೈಯೆತ್ತಿ, 'ಅಂಕಲ್, ಕ್ವಾಯರಲ್ಲಿ ಹಾಡೋರೂ ಇದ್ರಲ್ಲಿ ಬರ್ತಾರಾ?' ಅಂದ್ಳು. ಅವರ ಒಳ್ಳೇ ಟೆನರ್ ಗಾಯಕರೊಬ್ಬರನ್ನ ನಾವು ಕರ್ಕೊಂಡು ಬಂದಿದ್ದು ಮಕ್ಕಳಿಗೂ ಗೊತ್ತಿತ್ತು ಅಂತ ಅವತ್ತೇ ಗೊತ್ತಾಗಿದ್ದು. ಪಾಸ್ಟರ್ ಒಂದು ಕ್ಷಣ ತಡೆದು 'ಬರ್ತಾರೆ' ಅಂದ್ರು. ಕಾರು ಎಣಿಸ್ತಿದ್ದ ಹಿರಿಯರೇ ಈಗ ಮಕ್ಕಳನ್ನ ವ್ಯಾನಲ್ಲಿ ಕರ್ಕೊಂಡು ಬರೋದು, ಅವರೂ ನನ್ನ ಪಕ್ಕದಲ್ಲೇ ಇದ್ರು, ಕನ್ನಡಕ ತೆಗೆದು ಒರೆಸ್ಕೊಂಡ್ರು, ಏನೂ ಹೇಳ್ಲಿಲ್ಲ.

ಆರಾಧನೆ ಟೈಮಿಂಗ್ ಮಾತ್ರ ತಲೆನೋವು. ಇಬ್ರು ಪಾಸ್ಟರ್ ಮೂರು ಕಡೆ ಓಡ್ಬೇಕು, ಯಾರಿಗೋ ಬೆಳಿಗ್ಗೆ ಎಂಟೂವರೆ ಬೀಳುತ್ತೆ, ಯಾರಿಗೋ ಹತ್ತೂವರೆ, ಯಾವ ಸಭೆಗೆ ಯಾವ ಟೈಮು ಅನ್ನೋದಕ್ಕೆ ನಡೆದ ಮೀಟಿಂಗಲ್ಲಿ ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು, ಕೊನೆಗೆ ವರ್ಷಕ್ಕೊಂದ್ಸಲ ಬದಲಾಯಿಸೋದು ಅಂತಾಯ್ತು. ಮೊದಲ ಆರಾಧನೆಯಲ್ಲಿ ಪ್ರಸಂಗ ಉದ್ದ ಆದ್ರೆ ಎರಡನೇ ಕಡೆ ಎಲ್ರೂ ಗಡಿಯಾರ ನೋಡ್ತಾ ಕೂತಿರ್ತಾರೆ. ನಮ್ಮ ಆರ್ಗನ್ ನುಡಿಸೋ ಅಕ್ಕ ಒಂದು ಭಾನುವಾರ ಆರಾಧನೆ ಶುರುವಾಗೋ ಮುಂಚೆ ನುಡಿಸೋ ಅದೇ ಪ್ರಿಲ್ಯೂಡನ್ನ ನಾಲ್ಕು ಸಲ ನುಡಿಸಿದ್ರು, ನಾಲ್ಕನೇ ಸಲ ಕಿಟಕಿ ಕಡೆ ನೋಡ್ಕೊಂಡು.

ನನ್ನ ಸ್ವಂತ ದೂರು ಒಂದಿದೆ. ನನ್ನ ತಂಗಿ ಮಗುವಿನ ದೀಕ್ಷಾಸ್ನಾನ ಇದ್ದ ದಿನಾನೇ ಇನ್ನೊಂದು ಸಭೆಯಲ್ಲಿ ಅಂತ್ಯಕ್ರಿಯೆ ಬಂತು, ಆಫೀಸಲ್ಲಿ ಕ್ಯಾಲೆಂಡರ್ ಒಂದೇ ಆದ್ರೂ ಎರಡೂ ಒಂದೇ ಗಂಟೆಗೆ ಬರೆದಿದ್ರು, ನೆಂಟರೆಲ್ಲ ನಲವತ್ತು ನಿಮಿಷ ಕಾದ್ರು, ಮಗು ಅತ್ತು ಅತ್ತು ಮಲಗಿಬಿಡ್ತು, ಆಮೇಲೆ ತಲೆ ಮೇಲೆ ನೀರು ಬಿದ್ದಾಗ ಎದ್ದು ಇನ್ನೂ ಜೋರಾಗಿ. ಸಾವು ಹೇಳಿ ಕೇಳಿ ಬರಲ್ಲ, ಒಪ್ತೀನಿ, ಆದ್ರೆ ಒಂದು ಫೋನ್ ಮಾಡ್ಬಹುದಿತ್ತು. ಒಂದು ಸ್ಟಾರ್ ಕಟ್ ಮಾಡಿದ್ದು ಇದಕ್ಕೇ.

ದುಡ್ಡಿನ ವ್ಯವಸ್ಥೆ ನನಗಿಷ್ಟ ಆಯ್ತು, ನಿಧಾನ ಆದ್ರೂನೂ. ಜಂಟಿ ಖಾತೆಯಿಂದ ಏನು ತೆಗೀಬೇಕಾದ್ರೂ ಮೂರೂ ಸಭೆ ಖಜಾಂಚಿಗಳ ಸಹಿ ಬೇಕು, ಪ್ರಿಂಟರ್ ಟೋನರ್ ತರೋಕೆ ಎರಡು ವಾರ ಹಿಡೀತು ಅಂದ್ರೆ ನೋಡಿ. ನಾನು ಗೊಣಗ್ತಿದ್ದಾಗ ಪಾಸ್ಟರ್ ಲೈಸ್ನಿಗ್ ಕತೆ ಹೇಳಿದ್ರು. 1523ರಲ್ಲಿ ಜರ್ಮನಿಯ ಆ ಊರಿನ ಸಭೆಯವರು ಬಡವರಿಗೆ, ಪಾಸ್ಟರ್‌ಗೆ, ಶಾಲೆಗೆ ಎಲ್ಲಕ್ಕೂ ಒಂದೇ ಪೆಟ್ಟಿಗೆ ಅಂತ ಮಾಡ್ಕೊಂಡ್ರಂತೆ, ಆ ನಿಯಮಕ್ಕೆ ಲೂಥರ್ ಅವರೇ ಮುನ್ನುಡಿ ಬರೆದಿದ್ದಾರೆ. ಪೆಟ್ಟಿಗೆಗೆ ನಾಲ್ಕು ಬೀಗ, ಒಂದು ಕೀ ಕುಲೀನರ ಹತ್ರ, ಒಂದು ಊರಿನ ಆಡಳಿತದವರ ಹತ್ರ, ಒಂದು ಪೇಟೆ ಜನರ ಹತ್ರ, ಒಂದು ಹಳ್ಳಿ ರೈತರ ಹತ್ರ. ನಾಲ್ಕೂ ಜನ ಬರದೆ ತೆಗೆಯೋಕಾಗಲ್ಲ. ಐನೂರು ವರ್ಷದ ಹಿಂದೇನೇ ಯಾರಿಗೂ ಯಾರ ಮೇಲೂ ನಂಬಿಕೆ ಇರ್ಲಿಲ್ಲ ಅಂತ ಗೊತ್ತಾಗಿ ಸಮಾಧಾನ ಆಯ್ತು.

ಆರಾಧನಾ ಕ್ರಮ ಒಂದೇ ಮಾಡ್ಬೇಕು ಅಂತ ಶುರುವಲ್ಲಿ ಒಂದು ಗುಂಪು ಹಟ ಹಿಡಿದಿತ್ತು. ಎದುರಿನವರು ಕರ್ತನ ಭೋಜನಕ್ಕೆ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋದು) ಒಂದೇ ಪಾತ್ರೆ ಬಳಸ್ತಾರೆ, ನಮ್ಮಲ್ಲಿ ಚಿಕ್ಕ ಚಿಕ್ಕ ಲೋಟ, ಕೀರ್ತನೆ ಪುಸ್ತಕದ ನಂಬರೂ ಬೇರೆ. ಅದನ್ನ ತಣ್ಣಗೆ ಮಾಡಿದ್ದು ಲೂಥರನ್ನರ ನಂಬಿಕೆಯ ಮೂಲ ಹೇಳಿಕೆಯಾದ 1530ರ ಆಗ್ಸ್‌ಬರ್ಗ್ ಕನ್ಫೆಶನ್‌ನ ಏಳನೇ ಕಲಮು: ಸುವಾರ್ತೆ ಬೋಧನೆ, ದೀಕ್ಷಾಸ್ನಾನ-ಕರ್ತನ ಭೋಜನದಂಥ ಸಂಸ್ಕಾರ ಇವೆರಡ್ರಲ್ಲಿ ಒಮ್ಮತ ಇದ್ರೆ ಸಾಕು, ಮನುಷ್ಯರು ಮಾಡ್ಕೊಂಡ ಆಚಾರ ಎಲ್ಲ ಕಡೆ ಒಂದೇ ಥರ ಇರ್ಬೇಕಿಲ್ಲ. ಲೋಟದ ವಿಷಯ ಅಲ್ಲಿಗೇ ಬಿಟ್ರು. ಜಂಟಿ ಕ್ವಾಯರಲ್ಲಿ ಮುಂದಿನ ಸಾಲಲ್ಲಿ ಯಾರು ನಿಲ್ಬೇಕು ಅನ್ನೋದಕ್ಕೆ ಮಾತ್ರ ಯಾವ ಕಲಮೂ ಸಿಕ್ಕಿಲ್ಲ.

ನಾಲ್ಕನೇ ಲೂಥರನ್ ಸಭೆ ಒಂದಿದೆ ಹತ್ರದಲ್ಲೇ, ಅವರು ಬೇರೆ ಸಿನಡ್, ಅಂದ್ರೆ ಬೇರೆ ಲೂಥರನ್ ಸಂಘಟನೆ, ಬೋಧನೆಯಲ್ಲಿ ಪೂರ್ತಿ ಒಪ್ಪಂದ ಇಲ್ದೆ ಒಟ್ಟಿಗೆ ಕರ್ತನ ಭೋಜನ ತಗೊಳ್ಳಲ್ಲ. ಬೇಜಾರು ಮಾಡ್ಕೊಂಡವರಿದ್ದಾರೆ, ನನಗೇನೂ ಇಲ್ಲ, ಅವರ ನಂಬಿಕೆ ಅದು, ಸೋಗು ಹಾಕಲ್ವಲ್ಲ. ಆದ್ರೆ ಕೌದಿ ಹೊಲಿಯೋಕೆ ಬರ್ತಾರೆ. ಲೂಥರನ್ ವರ್ಲ್ಡ್ ರಿಲೀಫ್ ಅಂತ 1945ರಿಂದ ಇದೆ, ಬೇರೆ ಬೇರೆ ಲೂಥರನ್ ಪಂಗಡದವರು ಒಟ್ಟಿಗೆ ಕೈ ಹಾಕೋ ಪರಿಹಾರ ಸಂಸ್ಥೆ, ಅದಕ್ಕೆ 60 ಇಂಚು ಅಗಲ 80 ಇಂಚು ಉದ್ದದ ಕೌದಿ ಕಳಿಸ್ಬೇಕು. ಹಳೇ ಪರದೆ, ಹಾಸಿಗೆ ಹೊದಿಕೆ, ಯಾರದ್ದೋ ತೀರ್ಕೊಂಡ ಯಜಮಾನ್ರ ಶರ್ಟು, ಎಲ್ಲ ಚೌಕ ಚೌಕ ಕತ್ತರಿಸಿ ಉದ್ದದ ಟೇಬಲ್ ಮೇಲೆ ಹರಡಿರ್ತಾರೆ. ಅಲ್ಲಿ ಯಾರು ಯಾವ ಸಭೆ ಅಂತ ಗೊತ್ತಾಗೋದು ಅವರು ಯಾರ ಪಾಸ್ಟರನ್ನ ಆಡ್ಕೊಂಡು ನಗ್ತಾರೆ ಅನ್ನೋದ್ರಿಂದ.

ಚಿಕ್ಕ ಸಭೆಯವರಿಗೆ ನುಂಗಿಬಿಡ್ತಾರೆ ಅನ್ನೋ ಭಯ ಇನ್ನೂ ಪೂರ್ತಿ ಹೋಗಿಲ್ಲ. ಜಂಟಿ ಕಮಿಟಿಯಲ್ಲಿ ಸಭೆ ದೊಡ್ಡದಿರ್ಲಿ ಚಿಕ್ಕದಿರ್ಲಿ ಇಬ್ಬಿಬ್ರೇ ಅಂತ ಇಟ್ಟಿರೋದು ಒಳ್ಳೇದಾಯ್ತು, ಇಲ್ದಿದ್ರೆ ಅವರು ಮೊದಲ ವರ್ಷಾನೇ ಎದ್ದು ಹೋಗಿರ್ತಿದ್ರು. ಈ ಸಲ ಲೂಥರ್ ಚರ್ಚ್ ಸುಧಾರಣೆ ಶುರುಮಾಡಿದ ನೆನಪಿನ ಅಕ್ಟೋಬರ್ 31ರ ಸುಧಾರಣಾ ದಿನದ ಜಂಟಿ ಆರಾಧನೆ ಅವರ ಸರದಿ. ಅಷ್ಟು ಜನಕ್ಕೆ ಅಲ್ಲಿ ಕುರ್ಚಿ ಸಾಲಲ್ಲ, ಹಿಂದಿನ ದಿನ ಸಂಜೆ ನಮ್ಮ ಹಾಲಿನ ಕುರ್ಚಿ ಸಾಗಿಸ್ಬೇಕು, ವ್ಯಾನ್ ಓಡಿಸೋದು ಅದೇ ಹಿರಿಯರು, ಎಷ್ಟು ಕುರ್ಚಿ ಬೇಕಾಗುತ್ತೆ ಅಂತ ಈಗಿಂದ್ಲೇ ಎಣಿಸ್ತಿದ್ದಾರೆ.