ಎಂಡೋಸಲ್ಫಾನ್ ಊರುಗಳಿಗೆ 14416 ಎಷ್ಟು ಉಪಯೋಗ?

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿಯುವುದು 2000ದಲ್ಲೇ ನಿಂತಿತು. ಹಾಸಿಗೆ ಹಿಡಿದ ಮಕ್ಕಳ ಅಮ್ಮಂದಿರ ನಿದ್ದೆಗೇಡು ನಿಂತಿಲ್ಲ. 'ನಾವು ಹೋದ ಮೇಲೆ ಇವನಿಗ್ಯಾರು?' ಅನ್ನುವ ಚಿಂತೆ.

14416 ಅಂದರೆ ಟೆಲಿ-ಮಾನಸ್, ಮನಸ್ಸಿನ ನೋವಿಗೆ ಸರ್ಕಾರದ ಫೋನ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದ ಇದು ಉಚಿತ, ದಿನದ 24 ಗಂಟೆಯೂ ಉಂಟು. ಮೊದಲು ಭಾಷೆ ಆರಿಸಿ; ಬೇರೆ ಭಾಷೆಯವರು ಸಿಕ್ಕರೆ ಕನ್ನಡದವರು ಬೇಕೆಂದು ಕೂಡಲೇ ಹೇಳಿ. ಅರ್ಧಂಬರ್ಧ ಮಲಯಾಳದಲ್ಲಿ ಮನಸ್ಸಿನ ನೋವು ಹೇಳಲಾಗದು. ಎಷ್ಟು ದಿನದಿಂದ ನಿದ್ದೆಯಿಲ್ಲ, ಊಟ ಹೇಗೆ ಎಂದು ಬರೆದಿಟ್ಟುಕೊಳ್ಳಿ. ಮಾತ್ರೆಯ ಪಟ್ಟಿ ಕೈಯಲ್ಲಿರಲಿ, ಅದರ ಮೇಲಿನ ಮಿಲಿಗ್ರಾಂ ಓದಿ ಹೇಳಿ. ಮಗುವಿನ ಅಪಸ್ಮಾರದ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ, ಸೆಳೆತ ಜೋರಾಗಿ ಮರಳಬಹುದು. ಸಾಯುವ ಯೋಚನೆ ಬಂದಿದ್ದರೆ ಮೊದಲ ಮಾತಿನಲ್ಲೇ ಹೇಳಿ. ಮನೆಯವರು ಅಂಥವರನ್ನು ಒಂಟಿಯಾಗಿ ಬಿಡದೆ, ತೋಟದ ಮದ್ದು, ಮಾತ್ರೆ ಬೀಗದೊಳಗಿಡಬೇಕು.

ಮಗು ಬಡ್ಸ್ ಶಾಲೆಯಲ್ಲಿ (ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ವಿಶೇಷ ಶಾಲೆ) ಇರುವ ಹೊತ್ತು ಕರೆಗೆ ಒಳ್ಳೆಯದು. ಗುಡ್ಡದ ಬುಡದಲ್ಲಿ ರೇಂಜ್ ಇಲ್ಲದಿದ್ದರೆ ಮೇಲಿನ ರಸ್ತೆಗೆ ಬನ್ನಿ.

ಕಿವಿಗೊಡುವ ಸೇವೆಯಾಗಿ ಇದು ಖಂಡಿತ ಬೇಕು. ಆದರೆ ವಾರಕ್ಕೆರಡು ದಿನ ಮಗುವನ್ನು ನೋಡಿಕೊಂಡು ಅಮ್ಮನಿಗೆ ಬಿಡುವು ಕೊಡುವವರು ಫೋನಿನಲ್ಲಿ ಸಿಗುವುದಿಲ್ಲ.