ಮಗಳ ಉಬ್ಬಸಕ್ಕೆ ಮ್ಯಾಂಚೆಸ್ಟರ್‌ಗಿಂತ ಸ್ಟುಟ್‌ಗಾರ್ಟೇ ವಾಸಿ

ಚೌತಿಗೆ ಶಿರಸಿಗೆ ಬಂದಾಗ ಚಿಕ್ಕಮ್ಮನ ಮಗ ಎರಡು ಆಫರ್ ಲೆಟರ್ ಹಿಡಿದು ಜಗಲಿಯಲ್ಲಿ ಕೂತಿದ್ದ. ಒಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ದು, ಇನ್ನೊಂದು ಜರ್ಮನಿಯ ಸ್ಟುಟ್‌ಗಾರ್ಟ್‌ದು. "ಅಕ್ಕಾ, ಸಂಬಳ ಹೆಚ್ಚುಕಮ್ಮಿ ಒಂದೇ. ಮಗು ಇದ್ದು. ಡಾಕ್ಟರ್ ವ್ಯವಸ್ಥೆ ಎಲ್ಲಿ ಚೊಲೊ ಇದ್ದು?" ಎಂದ.

ಎರಡೂ ಊರಿನಲ್ಲಿ ಉಬ್ಬಸದ ಮಗಳನ್ನು ಎತ್ತಿಕೊಂಡು ಓಡಾಡಿದವಳು ನಾನು. ಜರ್ಮನಿ ಎಂದೆ.

ಶಿರಸಿಯಲ್ಲಿ ನಮಗೆ ರೂಢಿ ಏನು? ಮಗುವಿಗೆ ಹುಷಾರಿಲ್ಲ ಅಂದರೆ ಸೀದಾ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ ಹೆಸರು ಬರೆಸಿ ಕಾಯುವುದು. ಜಾಸ್ತಿಯಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಾರು ಮಾಡಿಕೊಂಡು ಹೋಗುವುದು. ರಾತ್ರಿ ಹೊತ್ತು ಹುಬ್ಬಳ್ಳಿಯ ನೂರು ಕಿಲೋಮೀಟರೇ ಎಷ್ಟು ಉದ್ದ ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆದರೆ ಮಕ್ಕಳ ಡಾಕ್ಟರನ್ನು ಕಾಣಲು ಯಾರ ಅಪ್ಪಣೆಯೂ ಬೇಕಿಲ್ಲ.

ಇಂಗ್ಲೆಂಡಿನಲ್ಲಿ ಹಾಗಲ್ಲ. ಮಗುವಾದರೂ ಮೊದಲು ಜಿಪಿ, ಅಂದರೆ ನಿಮ್ಮ ಏರಿಯಾದ ಸಾಮಾನ್ಯ ಡಾಕ್ಟರ್. ತಜ್ಞರು ಬೇಕಾದರೆ ಅವರೇ ಬರೆದುಕೊಡಬೇಕು. ನಮ್ಮ ಕ್ಲಿನಿಕ್‌ನಲ್ಲಿ ಆ ದಿನದ ಅಪಾಯಿಂಟ್‌ಮೆಂಟ್ ಬೇಕೆಂದರೆ ಬೆಳಿಗ್ಗೆ ಸರಿಯಾಗಿ 8 ಗಂಟೆಗೆ ಫೋನ್ ಮಾಡಬೇಕಿತ್ತು. ಊರಿನವರೆಲ್ಲ ಅದೇ ನಿಮಿಷಕ್ಕೆ ಮಾಡುತ್ತಿದ್ದರು.

ನವೆಂಬರಿನ ಒಂದು ಬೆಳಿಗ್ಗೆ ಇನ್ನೂ ಕಣ್ಣ ಮುಂದಿದೆ. ಮಗಳು ರಾತ್ರಿಯಿಡೀ ಕೆಮ್ಮಿದ್ದಳು. ಉಸಿರು ಎಳೆದಾಗ ಪಕ್ಕೆಲುಬಿನ ಸಂದು ಒಳಗೆ ಹೋಗುತ್ತಿತ್ತು. ಫೋನ್ ಸ್ಪೀಕರ್‌ಗೆ ಹಾಕಿ ಅಡುಗೆ ಕಟ್ಟೆಯ ಮೇಲಿಟ್ಟೆ. "ನೀವು ಸಾಲಿನಲ್ಲಿ 27ನೆಯವರು" ಎಂದಿತು. ಸಂಗೀತ. 19. ಸಂಗೀತ. 8:40ಕ್ಕೆ ಒಬ್ಬಾಕೆ ಎತ್ತಿ, ಇವತ್ತಿನದೆಲ್ಲ ಮುಗಿಯಿತು, ನಾಳೆ 8ಕ್ಕೆ ಮಾಡಿ, ಇಲ್ಲವೇ 111ಕ್ಕೆ (ಸರ್ಕಾರಿ ಆರೋಗ್ಯ ಸಹಾಯವಾಣಿ) ಕರೆಮಾಡಿ ಎಂದರು. ಪಕ್ಕೆಲುಬಿನ ವಿಷಯ ಹೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

111ರವರು ಮಗಳ ಉಸಿರಿನ ಸದ್ದು ಕೇಳಿದವರೇ ಎಮರ್ಜೆನ್ಸಿಗೆ ಹೋಗಿ ಎಂದರು. ಅಲ್ಲಿ ನೋಡಿಕೊಂಡ ಬಗೆಗೆ ಕೈಮುಗಿಯುತ್ತೇನೆ. ಆಕ್ಸಿಜನ್, ಇನ್ಹೇಲರ್, ರಾತ್ರಿ ಪೂರ್ತಿ ಪಕ್ಕದಲ್ಲೇ ನರ್ಸ್. ಒಂದು ಬಿಲ್ ಕೂಡ ಕೈಗೆ ಬರಲಿಲ್ಲ. ಅಷ್ಟು ಒಳ್ಳೆಯ ಆಸ್ಪತ್ರೆ ಒಳಗಿದೆ, ಬಾಗಿಲು ಮಾತ್ರ ಬೆಳಿಗ್ಗೆ 8ರ ಫೋನ್. ಆಮೇಲೆ ಎಷ್ಟೋ ದಿನ ಏಳೂವರೆಗೇ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಬಿಲ್ ಇಲ್ಲ ಅಂದರೆ ಪುಕ್ಕಟೆ ಅಂತಲ್ಲ. 2024ರ ಫೆಬ್ರವರಿಯಿಂದ ವೀಸಾ ಜೊತೆಗೆ ಕಟ್ಟುವ ಹೆಲ್ತ್ ಸರ್ಚಾರ್ಜ್ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಮೂವರಿಗೆ ಮೂರು ವರ್ಷಕ್ಕೆ 8,538 ಪೌಂಡ್, ಅಂದರೆ ಆಗಿನ ಲೆಕ್ಕದಲ್ಲಿ ಒಂಬತ್ತು ಲಕ್ಷ ರೂಪಾಯಿಯ ಹತ್ತಿರ. ಎಲ್ಲಾ ಒಟ್ಟಿಗೆ, ಮೊದಲೇ. ನಮ್ಮ ಕಂಪನಿ ಕೊಡಲಿಲ್ಲ. ಹತ್ತು ತಿಂಗಳಿಗೆ ಬಿಟ್ಟು ಬಂದೆವು, ಉಳಿದ ಹಣ ವಾಪಸ್ ಇಲ್ಲ. ನರ್ಸ್ ಕೆಲಸಕ್ಕೆ ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಹೋಗುವವರಿಗೆ ಈ ಸರ್ಚಾರ್ಜ್ ಇಲ್ಲ. ಅವರ ಲೆಕ್ಕವೇ ಬೇರೆ.

ಜರ್ಮನಿಯಲ್ಲಿ ತಿಂಗಳ ಸಂಬಳದಲ್ಲೇ ಮುರಿಯುತ್ತಾರೆ. ಸರ್ಕಾರಿ ಪದ್ಧತಿಯ ವಿಮೆಗೆ ಶೇಕಡಾ 14.6, ಮೇಲೊಂದಿಷ್ಟು. ಅರ್ಧ ಕಂಪನಿ ಕಟ್ಟುತ್ತದೆ. ನನಗೆ ಅಲ್ಲಿ ಕೆಲಸವಿಲ್ಲ, ಹಾಗಾಗಿ ನಾನೂ ಮಗಳೂ ಯಜಮಾನರ ವಿಮೆಯಲ್ಲೇ, ಬೇರೆ ದುಡ್ಡಿಲ್ಲ. ಕೈಯಲ್ಲಿ ಗಂಟಿಲ್ಲದೆ ತಿಂಗಳ ಸಂಬಳದ ಮೇಲೆ ನಡೆಯುವ ನಮ್ಮಂಥ ಮನೆಗೆ ಇದೇ ಹಗುರ.

ಮುಖ್ಯ ಮಾತು ಅದಲ್ಲ. ಅಲ್ಲಿ ಮಗುವಿಗೆ ಮಕ್ಕಳ ಡಾಕ್ಟರೇ ಮೊದಲ ಡಾಕ್ಟರ್. ಹುಟ್ಟಿದಾಗಿನಿಂದ ಮಾಡಿಸುವ ತಪಾಸಣೆಗಳಿಗೆ ಒಂದು ಹಳದಿ ಪುಸ್ತಕ ಇರುತ್ತದೆ. ಐದು ವರ್ಷದ ತಪಾಸಣೆಗೆ ಹೋದಾಗ ಡಾಕ್ಟರ್ ಮಗಳ ಕೈಯಲ್ಲಿ ಚಿತ್ರ ಬರೆಸಿದರು, ಒಂಟಿ ಕಾಲಲ್ಲಿ ಕುಣಿಸಿದರು. ಹೊರಡುವಾಗ ಉಬ್ಬಸ ಜಾಸ್ತಿಯಾದರೆ ಏನು ಮಾಡಬೇಕೆಂದು ಕಾಗದದಲ್ಲಿ ಬರೆದುಕೊಟ್ಟು, "ಹಾಗೆ ಆದ ದಿನ ಫೋನ್ ಮಾಡಿ, ಬನ್ನಿ" ಎಂದರು. ಎರಡು ಸಲ ಮಾಡಿದ್ದೇನೆ, ಎರಡು ಸಲವೂ ಅವತ್ತೇ ನೋಡಿದರು.

ತೊಡಕು ಇಲ್ಲವೇ? ಇದೆ. ಹೊಸ ಮಕ್ಕಳನ್ನು ತೆಗೆದುಕೊಳ್ಳುವ ಡಾಕ್ಟರ್ ಸಿಗಲು ಆರು ಕಡೆ ಕೇಳಬೇಕಾಯಿತು. ಫೋನ್ ಎತ್ತುವವರು ಜರ್ಮನ್ ಬಿಟ್ಟು ಮಾತಾಡುವುದಿಲ್ಲ. ಬುಧವಾರ ಮಧ್ಯಾಹ್ನದ ಮೇಲೆ ನಮ್ಮ ಡಾಕ್ಟರ್ ಸಿಗುವುದಿಲ್ಲ.

ಸಣ್ಣ ಜ್ವರಕ್ಕೆ ಎರಡೂ ಕಡೆ ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿ. ಇಂಜೆಕ್ಷನ್ ಆಸೆ ಬೇಡ.

ಊರಿನ ಔಷಧಿಯ ಬ್ರಾಂಡ್ ಹೆಸರು ಅಲ್ಲಿ ನಡೆಯುವುದಿಲ್ಲ. ಉಬ್ಬಸದ ಅಸ್ತಾಲಿನ್ ಅಂದರೆ ಸುಮ್ನೆ ಮುಖ ನೋಡುತ್ತಾರೆ, ಸಾಲ್ಬುಟಮಾಲ್ ಎನ್ನಬೇಕು. ಹೊರಡುವ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಮೂಲ ಹೆಸರು, ಡೋಸ್ ಎರಡನ್ನೂ ಬರೆಸಿಕೊಳ್ಳಿ.

ಊರಿನಿಂದ ಆಯಿಯನ್ನು, ಅಂದರೆ ಅಮ್ಮನನ್ನು, ಕರೆಸಿಕೊಳ್ಳುವ ವಿಷಯದಲ್ಲಿ ಎರಡೂ ದೇಶ ಒಂದೇ, ನಮ್ಮ ವಿಮೆಯಲ್ಲಾಗಲಿ ಸರ್ಚಾರ್ಜಿನಲ್ಲಾಗಲಿ ಅವರನ್ನು ಸೇರಿಸಲಾಗುವುದಿಲ್ಲ. ಜರ್ಮನಿಗೆ ಸುತ್ತಾಡಲು ಬಂದರೂ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಮಾಡಿಸಲೇಬೇಕು, ಅದರಲ್ಲಿ ಹಳೆಯ ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ತಮ್ಮನ ಮಗುವಿಗೆ ಎರಡು ವರ್ಷ, ಇಲ್ಲಿಯವರೆಗೆ ಆರೋಗ್ಯವಾಗಿದೆ. ಆದರೂ ನಾನು ಹೇಳಿದ್ದು ಸ್ಟುಟ್‌ಗಾರ್ಟೇ. ಹೊರಡಲು ಅವನಿಗೆ ಇನ್ನೂ ನಾಲ್ಕು ತಿಂಗಳಿದೆ. ನಾಳೆಯಿಂದಲೇ ಗಂಡ ಹೆಂಡತಿ ಇಬ್ಬರೂ ಜರ್ಮನ್ ಕಲಿಯಲು ಶುರುಮಾಡಿ ಎಂದೆ, ಅದರಲ್ಲೂ ಫೋನಿನಲ್ಲಿ "ಮಗುವಿಗೆ ಉಸಿರಾಡಲು ಆಗುತ್ತಿಲ್ಲ" ಎನ್ನುವ ವಾಕ್ಯ ಮೊದಲು.