ಚೀಲದ ಸೈಲೇಜ್: ಕಾಸಿಗೆ ತಕ್ಕ ಮೇವಾ?

ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆ ಈಗ ಮುಸುಕಿನ ಜೋಳದ ಸೈಲೇಜ್, ಅಂದರೆ ಹಸಿಯಾಗಿ ಕತ್ತರಿಸಿ ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಮೇವು, 50 ಕೆಜಿ ಚೀಲದಲ್ಲಿ ಸಿಗುತ್ತದೆ. ಫೋನ್ ಮಾಡಿದರೆ ಕೊಟ್ಟಿಗೆ ಬಾಗಿಲಿಗೇ ತಂದು ಇಳಿಸುತ್ತಾರೆ. ನಾಲೆಗೆ ನೀರು ನಿಂತು, ಕಬ್ಬಿನ ಸೋಗೆಯೂ ಮುಗಿದ ಬೇಸಿಗೆಯಲ್ಲಿ ಹತ್ತು ಲೀಟರ್ ದಾಟಿ ಕರೆಯುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸು ಕಟ್ಟಿದವರಿಗೆ ಇದು ದೊಡ್ಡ ಅನುಕೂಲ. ಆದರೆ ಚೀಲದಿಂದ ಚೀಲಕ್ಕೆ ಮೇವು ಬೇರೆಯೇ ಇರುತ್ತದೆ, ರೇಟು ಮಾತ್ರ ಒಂದೇ.

ಮೊದಲು ನೋಡಬೇಕಾದ್ದು ತೂಕವಲ್ಲ, ಒಣ ಅಂಶ, ಅಂದರೆ ನೀರು ಬಿಟ್ಟು ಉಳಿಯುವ ಮೇವು. ಕೆಜಿಗೆ 7 ರೂಪಾಯಿ ಅಂತ ಇಟ್ಟುಕೊಳ್ಳಿ, ಚೀಲಕ್ಕೆ 350. ಒಣ ಅಂಶ ಶೇ 32 ಇದ್ದರೆ ಚೀಲದಲ್ಲಿ 16 ಕೆಜಿ ನಿಜವಾದ ಮೇವು, ಅಂದರೆ ಕೆಜಿಗೆ ಸುಮಾರು 22 ರೂಪಾಯಿ ಬಿತ್ತು. ಅದೇ ಶೇ 24 ಇದ್ದರೆ 12 ಕೆಜಿ ಮಾತ್ರ, ಕೆಜಿಗೆ 29 ರೂಪಾಯಿ. ಉಳಿದದ್ದು ನೀರಿಗೆ ಕೊಟ್ಟ ದುಡ್ಡು. ಪರೀಕ್ಷೆ ಸುಲಭ. ಒಂದು ಹಿಡಿ ತೆಗೆದು ಅರ್ಧ ನಿಮಿಷ ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ರಸ ಇಳಿದರೆ ನೀರು ಜಾಸ್ತಿ. ಕೈ ಬಿಟ್ಟ ಕೂಡಲೇ ಪುಡಿಪುಡಿಯಾಗಿ ಉದುರಿದರೆ ಬಲಿತು ಒಣಗಿದ ಜೋಳ. ಕೈ ತೇವವಾಗಿ, ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಸರಿ. ಅನುಮಾನ ಇದ್ದರೆ 100 ಗ್ರಾಂ ತೂಗಿ, ಹಳೇ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಸೀಯದ ಹಾಗೆ ಕೈಯಾಡಿಸಿ; ತೂಕ ಇಳಿಯುವುದು ನಿಂತಾಗ 30–35 ಗ್ರಾಂ ಉಳಿಯಬೇಕು. ಹುಳಿಯ ಅಂಶವೂ ಸ್ವಲ್ಪ ಆವಿಯಾಗಿ ಹೋಗುವುದರಿಂದ ಲೆಕ್ಕ ಕೊಂಚ ಕಮ್ಮಿ ಬರುತ್ತದೆ, ಅಷ್ಟು ವಿನಾಯಿತಿ ಕೊಡಿ.

ಎರಡನೆಯದು ಕಾಳು. ಸೈಲೇಜಿನ ಶಕ್ತಿ ಇರುವುದೇ ತೆನೆಯಲ್ಲಿ. ಕಾಳಿನೊಳಗಿನ ಹಾಲು ಅರ್ಧಕ್ಕರ್ಧ ಗಟ್ಟಿಯಾದಾಗ ಕಟಾವು ಮಾಡಬೇಕು. ತೆನೆ ಕಟ್ಟುವ ಮೊದಲೇ ಕತ್ತರಿಸಿ ತುಂಬಿದ ಮಾಲೂ ಇದೇ ಹೆಸರಲ್ಲಿ ಮಾರಾಟ ಆಗುತ್ತದೆ. ಒಂದು ಬಕೆಟ್ ನೀರಿಗೆ ಎರಡು ಹಿಡಿ ಹಾಕಿ ಕಲಕಿ: ಎಲೆ, ದಂಟು ತೇಲುತ್ತವೆ, ಕಾಳು ತಳಕ್ಕೆ ಕೂರುತ್ತದೆ. ತಳದಲ್ಲಿ ಏನೂ ಇಲ್ಲದಿದ್ದರೆ ಅದು ಹಸಿರು ಮೇವಿನ ಉಪ್ಪಿನಕಾಯಿ ಅಷ್ಟೇ. ಕಾಳು ಇದ್ದೂ ಒಡೆಯದಿದ್ದರೆ ಇಡಿಯಾಗಿ ಸಗಣಿಯಲ್ಲಿ ಆಚೆ ಬರುತ್ತದೆ. ತುಂಡು ಒಂದರಿಂದ ಎರಡು ಸೆಂಟಿಮೀಟರ್ ಇರಲಿ. ಉದ್ದ ತುಂಡಿನ ನಡುವೆ ಗಾಳಿ ಉಳಿದು ಬೂಸ್ಟು ಹಿಡಿಯುತ್ತದೆ.

ವಾಸನೆ ಹಿತವಾದ ಹುಳಿ ಇರಬೇಕು, ಬಣ್ಣ ಹಳದಿ ಮಿಶ್ರಿತ ಹಸಿರು. ಕೊಳೆತ ಬೆಣ್ಣೆಯ ನಾತ ಬಂದರೆ ನೀರು ಹೆಚ್ಚಾಗಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಬೆಳೆದಿದೆ. ಕಂದು ಬಣ್ಣ, ಹೊಗೆಸೊಪ್ಪಿನ ವಾಸನೆ ಬಂದರೆ ಗಾಳಿ ಸೇರಿ ಒಳಗೇ ಬಿಸಿಯಾಗಿದೆ. ಹಸು ಆಸೆಯಿಂದ ತಿನ್ನಬಹುದು, ಆದರೆ ಅದರ ಪ್ರೋಟೀನು ಅಷ್ಟಾಗಿ ಮೈಗೆ ಹತ್ತುವುದಿಲ್ಲ. ಬೂಸ್ಟು ಕಂಡದ್ದನ್ನು ಗಬ್ಬದ ಹಸುವಿಗಂತೂ ಹಾಕಲೇಬೇಡಿ, ಗಬ್ಬ ಕಳೆದುಕೊಳ್ಳುವ ಅಪಾಯ ಇದೆ.

ಚೀಲ ಬಿಚ್ಚಿದ ಮೇಲೆ ಆ ದಿನ ಅಥವಾ ಮಾರನೇ ದಿನ ಮುಗಿಸಬೇಕು. ಕೈ ಒಳಗೆ ಹಾಕಿದಾಗ ಬೆಚ್ಚಗಿದ್ದರೆ ಕೆಡಲು ಶುರುವಾಗಿದೆ. ಒಂದೇ ಹಸು ಇರುವವರಿಗೆ 50 ಕೆಜಿಯ ಚೀಲವೇ ದೊಡ್ಡದು. ಇಲಿ ಕಡಿದ ತೂತಿಗೆ ಅಂದೇ ಟೇಪ್ ಹಚ್ಚಿ.

ಹಾಕುವ ವಿಧಾನದಲ್ಲಿ ಆತುರ ಬೇಡ. ದಿನಕ್ಕೆ 5 ಕೆಜಿಯಿಂದ ಶುರು ಮಾಡಿ ಹತ್ತು ದಿನದಲ್ಲಿ 15–20 ಕೆಜಿಗೆ ಏರಿಸಿ, ಜೊತೆಗೆ ರಾಗಿ ಹುಲ್ಲು ಇರಲಿ. ಹಾಲಿಗೆ ವಾಸನೆ ಹತ್ತದಿರಲು ಕರೆದ ಮೇಲೆಯೇ ಗೊಂತಿಗೆ ಹಾಕಿ. ಜೋಳದ ಸೈಲೇಜಿನ ಒಣ ಅಂಶದಲ್ಲಿ ಪ್ರೋಟೀನು ಶೇ 7–8 ಅಷ್ಟೇ. ಆದ್ದರಿಂದ “ಸೈಲೇಜ್ ಹಾಕಿ, ಫೀಡ್ ನಿಲ್ಲಿಸಿ” ಎನ್ನುವ ಮಾರಾಟದವರ ಮಾತು ಒಪ್ಪುವಂಥದ್ದಲ್ಲ. ಹಿಂಡಿಯೋ ಹಸಿ ಅಲಸಂದೆಯೋ ಬೇಕೇ ಬೇಕು, ಖನಿಜ ಮಿಶ್ರಣವೂ ಬೇಕು.

ಚೀಲದ ಜೊತೆ ‘ಉಚಿತ ತರಬೇತಿ’ ಅಂತ ಕೆಲವರು ಕೊಡುವುದು ಬಹುಪಾಲು ಮಾರಾಟದ ಭಾಷಣ. ನಿಜವಾಗಿ ಕಲಿಯಬೇಕೆಂದರೆ ಮಂಡ್ಯದ ವಿ.ಸಿ. ಫಾರಂಗೆ ಹೋಗುವುದು ವಾಸಿ: ಕೃಷಿ ವಿಜ್ಞಾನ ಕೇಂದ್ರವೂ ವಲಯ ಕೃಷಿ ಸಂಶೋಧನಾ ಕೇಂದ್ರವೂ ಅಲ್ಲೇ ಇವೆ, ಮೇವಿನ ಬೆಳೆಗಳ ಸಂಶೋಧನೆ ಅಲ್ಲಿ ನಡೆಯುತ್ತದೆ. ಎಂಎಫ್‌ಸಿ ಹೆಸರಿನ ಮೇವಿನ ಅಲಸಂದೆ ತಳಿಗಳು ಅಲ್ಲಿಯವೇ. ಅರ್ಧ ಎಕರೆ ನೀರಾವರಿ ಇದ್ದವರು ಜೋಳ ಬೆಳೆದು, ಚೆನ್ನಾಗಿ ತುಳಿದು ಗಾಳಿ ತೆಗೆದು, ಒಂದೂವರೆ ತಿಂಗಳು ಮುಚ್ಚಿಟ್ಟರೆ ತಾವೇ ಮಾಡಿಕೊಳ್ಳಬಹುದು.

ಬತ್ತಿದ ಹಸುವಿಗೆ, ಹಳ್ಳಿಕಾರ್ ಎತ್ತಿಗೆ ಈ ಚೀಲ ತರುವುದು ದಂಡ. ಹುಲ್ಲು, ಸೋಗೆ, ಒಂದಿಷ್ಟು ಬೂಸ ಸಾಕು. ಕರೆಯುವ ಹಸುವಿಗೆ ತರುವವರು ಕಟಾವಿನ ತಾರೀಕು ಬರೆದ ಚೀಲವನ್ನೇ ಕೇಳಿ, ಒಂದನ್ನು ಬಿಚ್ಚಿ ನೋಡಿದ ಮೇಲೆ ಉಳಿದದ್ದನ್ನು ಇಳಿಸಿಕೊಳ್ಳಿ.